25 ನಿಮಿಷದ ವಿಡಿಯೋ ಯಾರು ನೋಡ್ತಾರೆ ಅಂದವರಿಗೆ

ನನ್ನದು ಹಳೆಯ ರೇಡಿಯೋ ರಿಪೇರಿ ಮಾಡುವ ಯೂಟ್ಯೂಬ್ ಚಾನೆಲ್. 2024ರ ಮಧ್ಯದಲ್ಲಿ ಶಾರ್ಟ್ಸ್ ಬಿಟ್ಟು ಉದ್ದದ, ನಿಧಾನದ ವಿಡಿಯೋ ಶುರು ಮಾಡಿದೆ. ಚಾನೆಲ್ ನಡೆಸುವ ಗೆಳೆಯರೆಲ್ಲ ಬೇಡ ಅಂದರು. "ಅರ್ಧ ನಿಮಿಷ ಕೂರೋ ತಾಳ್ಮೆ ಯಾರಿಗಿದೆ? ಇರೋದನ್ನೂ ಕಳ್ಕೋತೀಯ" ಅಂದರು. ಈಗ ಅವರೇ ಹೇಗೆ ಮಾಡಿದೆ ಅಂತ ಕೇಳುತ್ತಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಸೋತ ಕಥೆ. ಏಳು ತಿಂಗಳಲ್ಲಿ 70ರಷ್ಟು ಶಾರ್ಟ್ಸ್ ಹಾಕಿದ್ದೆ. ಸತ್ತು ಬಿದ್ದಿದ್ದ ರೇಡಿಯೋ ಒಮ್ಮೆಲೇ ದನಿ ಬಿಡುವ ಒಂದು ಶಾರ್ಟ್ ಸುಮಾರು 6 ಲಕ್ಷ ವ್ಯೂಸ್ ದಾಟಿತು. ಸಬ್‌ಸ್ಕ್ರೈಬರ್ಸ್ ಸಾವಿರ ದಾಟಿದರು. ಆದರೆ ಜಾಹೀರಾತಿನ ಹಣಕ್ಕೆ ಜನ ವರ್ಷದಲ್ಲಿ ಒಟ್ಟು 4000 ಗಂಟೆ ನೋಡಿರಬೇಕಲ್ವಾ? ಶಾರ್ಟ್ಸ್ ಫೀಡ್‌ನಲ್ಲಿ ನೋಡಿದ ಸಮಯ ಆ ಲೆಕ್ಕಕ್ಕೆ ಬರುವುದಿಲ್ಲ. ಇದು ಗೊತ್ತಿದ್ದೂ, ಶಾರ್ಟ್ಸ್ ನೋಡಿದವರು ಉದ್ದದ ವಿಡಿಯೋಗೂ ಬರುತ್ತಾರೆ ಅಂದುಕೊಂಡೆ. ಬರಲಿಲ್ಲ. ನನ್ನ ಗಂಟೆಗಳು 600ರ ಹತ್ತಿರ ನಿಂತವು. ಇನ್ನೊಂದು ದಾರಿ, 90 ದಿನದಲ್ಲಿ ಒಂದು ಕೋಟಿ ಶಾರ್ಟ್ಸ್ ವ್ಯೂಸ್, ನನ್ನ ಕೈಗೆ ಎಟುಕುವಂಥದ್ದಲ್ಲ. ಮೈಕ್, ಲೈಟು, ಎಡಿಟಿಂಗ್ ಸಾಫ್ಟ್‌ವೇರಿನ ವರ್ಷದ ಚಂದಾ ಎಲ್ಲಾ ಜೇಬಿನಿಂದಲೇ ಹೋಯಿತು. ಬಂದಿದ್ದು ಸೊನ್ನೆ.

ಮೊದಲ ಉದ್ದದ ವಿಡಿಯೋಗಳೂ ಬಿದ್ದವು. ಶಾರ್ಟ್ಸ್ ಅಭ್ಯಾಸದಲ್ಲೇ ಎರಡು ಸೆಕೆಂಡಿಗೊಂದು ಕಟ್ ಹಾಕಿದ್ದೆ. ಒಂದೂವರೆ ನಿಮಿಷಕ್ಕೆ ಮೂರರಲ್ಲಿ ಎರಡು ಪಾಲು ಜನ ಎದ್ದು ಹೋಗಿರುತ್ತಿದ್ದರು.

ದಾರಿ ತೋರಿಸಿದ್ದು ರಿಟೆನ್ಷನ್ ಗ್ರಾಫ್, ಅಂದರೆ ವಿಡಿಯೋದ ಯಾವ ಜಾಗವನ್ನು ಎಷ್ಟು ಜನ ನೋಡಿದರು ಅಂತ ತೋರಿಸುವ ಗೆರೆ. ಒಂದು ವಿಡಿಯೋದ ನಡುವೆ ಗುಡ್ಡದ ಹಾಗೆ ಏರಿತ್ತು. ಡಯಲ್ ಮುಳ್ಳನ್ನು ಎಳೆಯುವ ದಾರ ಸುತ್ತುವ ಜಾಗ ಅದು. ಯಾರಿಗೆ ಬೇಕು ಅಂತ ಅದನ್ನು ನಾಲ್ಕು ಪಟ್ಟು ವೇಗದಲ್ಲಿ ಓಡಿಸಿದ್ದೆ. ಜನ ಮಾತ್ರ ಹಿಂದಕ್ಕೆ ಹೋಗಿ, ನಿಲ್ಲಿಸಿ, ದಾರ ಸುತ್ತುವ ಡ್ರಮ್ಮಿಗೆ ಎಷ್ಟು ಸುತ್ತು ಅಂತ ಎಣಿಸುತ್ತಿದ್ದರು! ಆ ದಾರ ತುಂಡಾದಾಗಿನ ಪಾಡು ರಿಪೇರಿ ಮಾಡುವವರಿಗೆ ಗೊತ್ತು. ಸುತ್ತುವ ದಿಕ್ಕು ತಪ್ಪಿದರೆ ಮುಳ್ಳು ಉಲ್ಟಾ ಓಡುತ್ತದೆ.

ಅದೊಂದನ್ನೇ ಇಟ್ಟುಕೊಂಡು 25 ನಿಮಿಷದ ವಿಡಿಯೋ ಮಾಡಿದೆ. ದಾರ ಜಾರಿ ಮತ್ತೆ ಸುತ್ತಿದ್ದನ್ನೂ ತೆಗೆಯಲಿಲ್ಲ. ಮೊದಲ ತಿಂಗಳು ಇನ್ನೂರು ವ್ಯೂಸ್ ಇರಬಹುದು. ನಾಲ್ಕನೇ ತಿಂಗಳಿಂದ ಸರ್ಚ್‌ನಲ್ಲಿ ಜನ ಬರತೊಡಗಿದರು. ರೇಡಿಯೋ ಬಿಚ್ಚಿಟ್ಟುಕೊಂಡು, ಕೈಯಲ್ಲಿ ದಾರ ಹಿಡಿದು ಹುಡುಕುವವರು ಅವರು. ಅವರಿಗೆ ಅರ್ಧ ನಿಮಿಷದ ವಿಡಿಯೋ ಯಾವ ಕೆಲಸಕ್ಕೂ ಬರಲ್ಲ. ಫೀಡ್‌ನಲ್ಲಿ ಹಾದುಹೋಗುವ 6 ಲಕ್ಷ ಜನಕ್ಕಿಂತ ಇಂಥ ಸಾವಿರ ಜನ ಜಾಸ್ತಿ ಅಂತ ನನಗೆ ಅರ್ಥವಾಗಿದ್ದು ಆಗ. ಆ ವಿಡಿಯೋ ಈಗ 1.4 ಲಕ್ಷದ ಆಸುಪಾಸಿನಲ್ಲಿದೆ, ಇನ್ನೂ ಓಡುತ್ತಿದೆ. 4000 ಗಂಟೆಯನ್ನು ಹೆಚ್ಚುಕಡಿಮೆ ಅದೊಂದೇ ತುಂಬಿಸಿತು.

2025ರ ಮಾರ್ಚ್ ಕೊನೆಯಿಂದ ಶಾರ್ಟ್ ಓಡಲು ಶುರುವಾದರೆ ಸಾಕು, ಒಂದು ವ್ಯೂ ಅಂತ ಎಣಿಸುತ್ತಾರೆ. ಗೆಳೆಯರ ಅಂಕಿ ಒಮ್ಮೆಲೇ ಉಬ್ಬಿತು. ಹಣ ಮಾತ್ರ ಹಳೆಯ ಲೆಕ್ಕದ ಎಂಗೇಜ್ಡ್ ವ್ಯೂಸ್ (ಕೂಡಲೇ ಸರಿಸಿಬಿಡದೆ ನೋಡಿದ್ದು) ಮೇಲೇ. ಜಾಹೀರಾತು ಹಣದ ಪಾಲು ನೋಡಿದರೂ ಶಾರ್ಟ್ಸ್‌ಗೆ ನಮಗೆ 45%, ಉದ್ದದ ವಿಡಿಯೋಗೆ 55%. ಕಳೆದ ವರ್ಷ ನನ್ನ ಆದಾಯದ ಹತ್ತರಲ್ಲಿ ಒಂಬತ್ತು ಪಾಲು ಉದ್ದದ್ದರಿಂದಲೇ ಬಂತು. ಮೈಕ್, ಲೈಟಿನ ಹಣ ವಾಪಸ್ ಬಂದಾಗಿದೆ.

ನಡುವೆ ಒಂದು ಪೆಟ್ಟು ತಿಂದೆ. ದುಡ್ಡು ಕೊಟ್ಟು ತಗೊಂಡಿದ್ದ ಹಿನ್ನೆಲೆ ಸಂಗೀತ ತಮ್ಮದು ಅಂತ ಯಾರೋ ಕಾಪಿರೈಟ್ ಕ್ಲೇಮ್ ಹಾಕಿದರು. ಆ ವಿಡಿಯೋದ ಎರಡು ತಿಂಗಳ ಹಣ ಹೋಯಿತು. ಸಿಟ್ಟಲ್ಲಿ ಸಂಗೀತವನ್ನೇ ಬಿಟ್ಟೆ. ಬರೀ ಸ್ಕ್ರೂಡ್ರೈವರ್ ಸದ್ದು, ರೇಡಿಯೋದ ಗೊರಗೊರ. ಜನ ನೋಡುವ ಸರಾಸರಿ ಸಮಯ 5 ನಿಮಿಷದಿಂದ 8ಕ್ಕೆ ಏರಿತು!

ಬೇರೆ ಪ್ರಯೋಗಗಳನ್ನೂ ಮಾಡಿದೆ. ಬರೀ ಆಡಿಯೋವನ್ನು ಪಾಡ್‌ಕಾಸ್ಟ್ ಮಾಡಿದಾಗ ನಲವತ್ತು ಜನ ಕೇಳಿದರು. ನೋಡುವ ಕೆಲಸವನ್ನು ಕೇಳಿಸಲು ಹೋಗಿದ್ದು ನನ್ನ ತಪ್ಪು. ತಾನಾಗಿ ಬರುವ ಸಬ್‌ಟೈಟಲ್ ಬಿಡಿಭಾಗಗಳ ಹೆಸರನ್ನು ಕೆಡಿಸುತ್ತಿತ್ತು, ಈಗ ಕೈಯಾರೆ ಬರೆಯುತ್ತೇನೆ. ಇದರಿಂದ ಸರ್ಚ್ ಹೆಚ್ಚಿತು ಅಂತ ನನ್ನ ನಂಬಿಕೆ. 8 ನಿಮಿಷ ದಾಟಿದರೆ ನಡುವೆ ಜಾಹೀರಾತು ಹಾಕಬಹುದು, ಆದರೆ ಎರಡೇ ಹಾಕುತ್ತೇನೆ. ಜಾಗ ನಾನೇ ಆರಿಸುತ್ತೇನೆ. ದಾರ ಅರ್ಧ ಸುತ್ತಿರುವಾಗ ಜಾಹೀರಾತು ಬಂದರೆ ನೋಡುವವನ ಕೈಯಿಂದಲೂ ಜಾರುತ್ತದೆ.

ಶೀರ್ಷಿಕೆಗೆ ಪದ ಹೇಗೆ ಆರಿಸುತ್ತೇನೆ ಅನ್ನುವುದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ, ಅದಕ್ಕೆ ಎರಡು ವರ್ಷ ಹಿಡಿದಿದೆ.

ಈಗ ಬ್ಯಾಟರಿ ಸೋರಿ ಹಾಳಾದ ಕಾಂಟ್ಯಾಕ್ಟ್ ಉಜ್ಜುವ ವಿಡಿಯೋ ಎಡಿಟ್ ಆಗುತ್ತಿದೆ. 18 ನಿಮಿಷ ಆಗಿದೆ, ಎಲ್ಲೂ ವೇಗವಾಗಿ ಓಡಿಸಿಲ್ಲ.