ಕಿಲುಬಿನಡಿಯ ಇಸವಿಗಳು: ಪುವ್ತೊರಾಕ್ ಶುಚಿಗೊಳಿಸಿದ ನನ್ನ ಅನುಭವ

ಪೋಲೆಂಡಿನ ದೊರೆ ಮೂರನೇ ಸಿಗಿಸ್ಮಂಡನ ಪುವ್ತೊರಾಕ್‌ಗಳನ್ನು, ಅಂದರೆ ಹದಿನೇಳನೇ ಶತಮಾನದ ಒಂದೂವರೆ ಗ್ರೋಶ್ ಬೆಲೆಯ ಪುಟ್ಟ ಬೆಳ್ಳಿ-ತಾಮ್ರ ಬೆರಕೆಯ ನಾಣ್ಯಗಳನ್ನು, ಕಿಲುಬು ಹಿಡಿದ ಸ್ಥಿತಿಯಲ್ಲಿ ರಾಶಿಯಾಗಿ ಕೊಳ್ಳುವುದು ದಂಡವೆಂದು ವಾರ್ಸಾದ ಸಂಗ್ರಾಹಕ ಮಿತ್ರರೆಲ್ಲರೂ ಹೇಳಿದ್ದರು. ಉದ್ಯೋಗಕ್ಕಾಗಿ ಅಲ್ಲಿದ್ದ ನಾನು ಅವರ ಮಾತು ಮೀರಿ ಅರವತ್ತರಷ್ಟು ನಾಣ್ಯಗಳನ್ನು ಸುಮಾರು 250 ಜ್ಲೊಟಿಗೆ ಹರಾಜಿನಲ್ಲಿ ಹಿಡಿದೆ. ಇಂದು ಅವುಗಳಲ್ಲಿ ನಲವತ್ತರ ಇಸವಿಯನ್ನು ಬರಿಗಣ್ಣಿನಿಂದಲೇ ಓದಬಹುದು.

ಮೊದಲ ಹದಿನೈದನ್ನು ನಾನೇ ಕೆಡಿಸಿದೆ. ಒಳ್ಳೆಯ ಬೆಳ್ಳಿ ನಾಣ್ಯಕ್ಕೆ ಹೊಂದುವ ನಿಂಬೆರಸದಲ್ಲಿ ಅರ್ಧ ಗಂಟೆ ನೆನೆಸಿದಾಗ ಹಸಿರೇನೋ ಹೋಯಿತು, ಆದರೆ ಕರಗಿದ ತಾಮ್ರ ಮತ್ತೆ ಮೈಮೇಲೆ ಕೂತು ಇಡೀ ನಾಣ್ಯ ನಸುಗೆಂಪಾಯಿತು. ಸೋಡಾ ಮತ್ತು ಅಲ್ಯೂಮಿನಿಯಂ ಹಾಳೆಯ ಉಪಾಯ ಕಪ್ಪನ್ನು ತೆಗೆಯಿತೇ ಹೊರತು ಹಸಿರನ್ನು ಮುಟ್ಟಲಿಲ್ಲ. ಅರವತ್ತು ಜ್ಲೊಟಿ ಹೋಯಿತು. ಹಾಳಾದವುಗಳಲ್ಲಿ ಇವು ಅಚ್ಚಾದ ಮೊದಲ ವರ್ಷವಾದ 1614ರದೊಂದಿತ್ತು ಎಂಬ ನೋವು ಇನ್ನೂ ಇದೆ.

ಕೊನೆಗೆ ಫಲಿಸಿದ್ದು ಟ್ರೈಲಾನ್ ಬಿ, ಅಂದರೆ ತಾಮ್ರದ ಕಿಲುಬನ್ನು ಕರಗಿಸುವ EDTA ಎಂಬ ರಾಸಾಯನಿಕದ ಲವಣ. ಒಂದು ವಾರ ಭಟ್ಟಿ ಇಳಿಸಿದ ನೀರಿನಲ್ಲಿ ನೆನೆಸಿ, ದಿನವೂ ನೀರು ಬದಲಿಸಿ, ಆಮೇಲೆ ಶೇಕಡಾ 5ರಷ್ಟು ದ್ರಾವಣವನ್ನು ಉಗುರುಬೆಚ್ಚಗೆ ಮಾಡಿ ಹತ್ತೇ ನಿಮಿಷ ಇಟ್ಟೆ. ಮರದ ಕಡ್ಡಿಯಿಂದ ಸಡಿಲವಾದಷ್ಟನ್ನು ಭೂತಗನ್ನಡಿಯಡಿ ತೆಗೆದು ಮತ್ತೆ ಹತ್ತು ನಿಮಿಷ ಇಟ್ಟೆ. ಅವಸರಪಟ್ಟು ಒಮ್ಮೆಲೇ ಹೆಚ್ಚು ಹೊತ್ತು ಇಟ್ಟರೆ ದ್ರಾವಣ ಲೋಹವನ್ನೇ ತಿನ್ನತೊಡಗುತ್ತದೆ. ನಾಣ್ಯದಲ್ಲಿ ಅಚ್ಚಾದ ಗೋಳದ ಮೇಲಿನ ಶಿಲುಬೆಯ ಸುತ್ತ ಬಿಡದೆ ಕೂತ ಪದರಕ್ಕೆ ನಾನು ಬೆರೆಸುವ ಇನ್ನೊಂದು ವಸ್ತುವನ್ನು ಸದ್ಯಕ್ಕೆ ನನ್ನಲ್ಲೇ ಇರಿಸಿಕೊಳ್ಳುತ್ತೇನೆ.

ಇಸವಿಯ ಕೊನೆಯ ಎರಡಂಕಿಗಳು ಆ ಶಿಲುಬೆಯ ಎರಡು ಬದಿಯಲ್ಲಿರುವುದರಿಂದ ಅಲ್ಲಿ ಸವೆದರೆ ಎಲ್ಲವೂ ಮುಗಿಯಿತೆಂದು ಹಲವರು ಕೈಬಿಡುತ್ತಾರೆ. ನಾನು ಕೆಳಗೆ ಆಗಿನ ರಾಜ್ಯದ ಖಜಾಂಚಿಯ ಲಾಂಛನವಿರುವ ಪುಟ್ಟ ಗುರಾಣಿ ನೋಡುತ್ತೇನೆ: ಅರ್ಧಚಂದ್ರ ಮತ್ತು ಬಾಣವಿದ್ದರೆ ಖಜಾಂಚಿ ದಾನಿಲೊವಿಚ್‌ನ ಕಾಲ, ಕತ್ತೆಯ ತಲೆಯಿದ್ದರೆ ಅವನ ನಂತರ ಬಂದ ಲಿಗೆಂಜಾನ ಕಾಲ.

ಕುತೂಹಲಕ್ಕೆ ಎಲ್ಲವನ್ನೂ ತೂಗಿದೆ. ನೆನಪಿನಂತೆ, ಆರಂಭದ ವರ್ಷಗಳವು ಒಂದೂವರೆ ಗ್ರಾಂ ಹತ್ತಿರ, 1620ರ ನಂತರದವು 1.1ರ ಆಸುಪಾಸು ಇದ್ದವು. ದೊಡ್ಡ ಬೆಳ್ಳಿ ನಾಣ್ಯವಾದ ಟಾಲರ್‌ನ 24ನೇ ಒಂದು ಪಾಲು ಎಂದು ಸೂಚಿಸಲು ಗೋಳದೊಳಗೆ ಕೆತ್ತಿದ 24 ಮಾತ್ರ ಹಾಗೆಯೇ ಉಳಿದಿತ್ತು. ನೆರೆಯ ಜರ್ಮನ್ ಸೀಮೆಯಲ್ಲಿ ಕಿಪ್ಪರ್ ಕಾಲವೆಂದು ಕರೆಯುವ, ನಾಣ್ಯಗಳಲ್ಲಿ ಬೆಳ್ಳಿ ಕಡಿಮೆ ಮಾಡುತ್ತ ಹೋದ ನಾಣ್ಯಕುಸಿತ ನಡೆದದ್ದೂ ಆ ವರ್ಷಗಳಲ್ಲೇ. ಶುಚಿಗೊಳಿಸಿದಾಗ ತೂಕ ಸ್ವಲ್ಪ ಇಳಿಯುವುದರಿಂದ ಮೊದಲೂ ಆಮೇಲೂ ತೂಗಬೇಕು.

ಒಂದೇ ಬಗೆಯವು ಮತ್ತೆ ಮತ್ತೆ ಬಂದು ಹೆಚ್ಚಾದ ಇಪ್ಪತ್ತನ್ನು ತಲಾ ಹದಿನೈದಿಪ್ಪತ್ತು ಜ್ಲೊಟಿಗೆ ಮಾರಿ, ಹೂಡಿದ ಹಣವನ್ನು ಹಿಂಪಡೆದೆ. ಮೊದಲು ಎಚ್ಚರಿಸಿದ್ದ ಮಿತ್ರರೊಬ್ಬರು ಕಳೆದ ತಿಂಗಳು ತಮ್ಮ ಡಬ್ಬಿಯನ್ನೇ ನನಗೊಪ್ಪಿಸಿದ್ದಾರೆ. ಅದರಲ್ಲಿ ಒಂದಕ್ಕೊಂದು ಅಂಟಿಕೊಂಡ ನಾಲ್ಕು ನಾಣ್ಯಗಳು ಈಗ ನೀರಿನಲ್ಲಿವೆ.