ಬಲ್ಬ್ ಬದಲಿಸುವ ಮೊದಲು ಹೆಡ್‌ಲೈಟ್ ಗಾಜು ನೋಡಿ

ಹೋದ ಚಳಿಗಾಲದಲ್ಲಿ ಗದಗಿನಿಂದ ಹುಬ್ಬಳ್ಳಿಗೆ ರಾತ್ರಿ ಬರುತ್ತಿದ್ದೆ. ಅಣ್ಣಿಗೇರಿ ದಾಟಿದ ಮೇಲೆ ಹತ್ತಿ ಹೇರಿಕೊಂಡ ಟ್ರ್ಯಾಕ್ಟರ್ ಒಂದು ಮುಂದೆ ಹೊರಟಿತ್ತು, ಟ್ರೇಲರಿಗೆ ಹಿಂದೆ ಲೈಟೂ ಇಲ್ಲ, ರೇಡಿಯಮ್ ಪಟ್ಟಿಯೂ ಇಲ್ಲ. ನನಗೆ ಕಂಡಿದ್ದು ತೀರಾ ಹತ್ತಿರ ಹೋದ ಮೇಲೆ. ಬ್ರೇಕ್ ಹಿಡಿಯಿತು, ಬದುಕಿದೆ. ಮರುದಿನವೇ ಹೊಸ ಬಲ್ಬ್ ತಂದು ಹಾಕಿದೆ. ಏನೂ ಫರಕ್ ಬೀಳಲಿಲ್ಲ. ತಪ್ಪು ಬಲ್ಬಿನದಲ್ಲ, ಒಂಬತ್ತು ವರ್ಷ ಬಿಸಿಲಲ್ಲಿ ನಿಂತು ಹಳದಿಯಾಗಿದ್ದ ಗಾಜಿನದು.

ಗಾಜು ಅಂತೀವಿ, ಆದರೆ ಈಗಿನ ಕಾರುಗಳಲ್ಲಿ ಅದು ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್. ಬಿಸಿಲು ತಡೆಯಲು ಅದರ ಮೇಲೆ ತೆಳುವಾದ ಕೋಟಿಂಗ್ ಇರುತ್ತದೆ. ನಮ್ಮ ಕಡೆಯ ಬಿಸಿಲಿಗೆ, ಎರೆಮಣ್ಣಿನ ಧೂಳಿಗೆ ಆ ಕೋಟಿಂಗ್ ಹಾಳಾದರೆ ಮಸುಕು ಶುರು.

ಮೊದಲು ಗಾಜಿನ ಮೇಲೆ ನೀರು ಹಾಕಿ ನೋಡಿ. ಒದ್ದೆಯಾದಾಗ ತಿಳಿಯಾಗಿ ಕಂಡು, ಒಣಗಿದಾಗ ಮತ್ತೆ ಮಸುಕಾದರೆ ಹೊಲಸು ಹೊರಗಡೆಯೇ ಇದೆ, ಉಜ್ಜಿದರೆ ಹೋಗುತ್ತದೆ. ಒಳಗೆ ನೀರಿನ ಹನಿ ನಿಂತಿದ್ದರೆ, ಒಳಗೇ ಮಸುಕಾಗಿದ್ದರೆ ಹೊರಗೆ ಎಷ್ಟು ತಿಕ್ಕಿದರೂ ಸುಮ್ನೆ ಶ್ರಮ.

ಉಜ್ಜಲು ಪೇಂಟ್ ಅಂಗಡಿಯಲ್ಲಿ 1000, 1500, 2000 ನಂಬರಿನ ವಾಟರ್ ಪೇಪರ್ (ನೆನೆಸಿ ಉಜ್ಜುವ ಸ್ಯಾಂಡ್‌ಪೇಪರ್, ನಂಬರ್ ಹೆಚ್ಚಿದಷ್ಟೂ ನುಣುಪು) ತನ್ನಿ, ತೀರಾ ಹಳದಿಯಾಗಿದ್ದರೆ 800 ಕೂಡ ಬೇಕು, 3000 ಸಿಕ್ಕರೆ ಇನ್ನೂ ಚಲೋ. ಲೈಟಿನ ಸುತ್ತ ಕಾರಿನ ಬಾಡಿ ಮೇಲೆ ಎರಡು ಸುತ್ತು ಮಾಸ್ಕಿಂಗ್ ಟೇಪ್ ಅಂಟಿಸಿ, ಇಲ್ಲದಿದ್ದರೆ ಪೇಂಟ್ ಗೀರಿ ಹೋಗುತ್ತದೆ. ಪೇಪರ್ ನೀರಲ್ಲಿ ನೆನೆಸಿ, ನೀರು ಹಾಕುತ್ತಲೇ ಮೆಲ್ಲಗೆ ಉಜ್ಜಿ. ಮೊದಮೊದಲು ಹಳದಿ ಬಣ್ಣದ, ಹಾಲಿನಂಥ ನೀರು ಇಳಿಯುತ್ತದೆ, ಅದು ಹಳೇ ಕೋಟಿಂಗ್. ನೀರು ಬೆಳ್ಳಗಾದ ಮೇಲೆ ಮುಂದಿನ ಪೇಪರ್ ಹಿಡಿಯಿರಿ. ಒಂದು ಪೇಪರ್ ಅಡ್ಡ ಉಜ್ಜಿದರೆ ಮುಂದಿನದು ಉದ್ದ ಉಜ್ಜಿ, ಹಿಂದಿನ ಗೀರು ಉಳಿದಿದ್ದರೆ ಕಣ್ಣಿಗೆ ಬೀಳುತ್ತದೆ. ನಡುವೆ ಗಾಜು ಮೊದಲಿಗಿಂತ ಜಾಸ್ತಿ ಮಂಕಾಗಿ ಕಾಣುತ್ತದೆ. ನನಗೂ ಎದೆ ಧಸಕ್ ಅಂದಿತ್ತು. ಹೆದರಬೇಡಿ, ಕೊನೆಗೆ ರಬ್ಬಿಂಗ್ ಕಾಂಪೌಂಡ್ (ಪಾಲಿಶ್ ಮಾಡುವ ಪೇಸ್ಟ್) ಹಾಕಿ ತಿಕ್ಕಿದಾಗ ತಿಳಿಯಾಗುತ್ತದೆ. ಥಿನ್ನರ್, ಪೆಟ್ರೋಲ್ ಮಾತ್ರ ಹಚ್ಚಲೇಬೇಡಿ, ಪ್ಲಾಸ್ಟಿಕ್ ಬಿರುಕು ಬಿಡುತ್ತದೆ.

ಇಷ್ಟಕ್ಕೇ ನಿಲ್ಲಿಸಿದರೆ ಕೆಲವೇ ತಿಂಗಳಲ್ಲಿ ಮತ್ತೆ ಹಳದಿ. ಟೂತ್‌ಪೇಸ್ಟ್ ಹಚ್ಚಿದವರ ಕಥೆಯೂ ಅದೇ. ಸೋಪಿನ ನೀರಲ್ಲಿ ತೊಳೆದು, ಪೂರ್ತಿ ಒಣಗಿಸಿ, ಬಿಸಿಲಿನ ಯುವಿ ಕಿರಣ ತಡೆಯುವ ಕ್ಲಿಯರ್ ಕೋಟ್ (ಬಣ್ಣವಿಲ್ಲದ ಸ್ಪ್ರೇ) ಹೊಡೆಯಲೇಬೇಕು. ಗಾಳಿಯಾಡುವ ಕಡೆ, ಧೂಳಿಲ್ಲದ ಹೊತ್ತಲ್ಲಿ, ಮಾಸ್ಕ್ ಹಾಕಿಕೊಂಡು ತೆಳುವಾಗಿ ಎರಡು ಸಲ ಹೊಡೆಯಿರಿ.

ಇನ್ನು ಬಲ್ಬ್. ಆಲ್ಟೊ, ವ್ಯಾಗನಾರ್‌ನಂಥ ಎಷ್ಟೋ ಕಾರುಗಳಲ್ಲಿ ಎಚ್4 ಎಂಬ ಮಾದರಿಯ ಬಲ್ಬ್ ಇರುತ್ತದೆ: 12 ವೋಲ್ಟ್, 60/55 ವ್ಯಾಟ್, ಒಂದೇ ಬಲ್ಬಲ್ಲಿ ಹೈ, ಲೋ ಎರಡೂ ಬೀಮ್ (ದೂರದ ಬೆಳಕು, ಹತ್ತಿರದ ಬೆಳಕು). ಕೆಲವಕ್ಕೆ ಎಚ್7, ಎಚ್11. ಹಳೇ ಬಲ್ಬಿನ ತಳದಲ್ಲಿ ಬರೆದಿರುತ್ತದೆ, ಅದನ್ನೇ ಕೈಯಲ್ಲಿ ಹಿಡಿದು ಅಂಗಡಿಗೆ ಹೋಗಿ. 'ಸರ್, 100/90 ಹಾಕಿ, ಹಗಲಾದಂಗ ಆಗ್ತದ' ಅಂದರೆ ಬೇಡ ಅನ್ನಿ. ಕಂಪನಿ ವೈರಿಂಗ್ ಅಷ್ಟು ಕರೆಂಟಿಗೆ ಮಾಡಿದ್ದಲ್ಲ, ಹೋಲ್ಡರ್ ಕರಗುತ್ತದೆ, ಬಲ್ಬಿನ ಹಿಂದೆ ಹೊಳೆಯುವ ರಿಫ್ಲೆಕ್ಟರ್ ಸುಟ್ಟು ಕಪ್ಪಾಗುತ್ತದೆ. ನೀಲಿ ಬಣ್ಣದ ಬಲ್ಬೂ ಬೇಡ, ಆ ಬಣ್ಣವೇ ಬೆಳಕು ತಿನ್ನುತ್ತದೆ, ಮಳೆಯಲ್ಲಿ ರಸ್ತೆ ಕಾಣುವುದಿಲ್ಲ. ಹ್ಯಾಲೊಜೆನ್‌ಗೆಂದೇ ಮಾಡಿದ ರಿಫ್ಲೆಕ್ಟರಿಗೆ ಅಗ್ಗದ ಎಲ್‌ಇಡಿ ತುರುಕಿದರೆ ಬೆಳಕು ಎಲ್ಲೆಂದರಲ್ಲಿ ಚೆಲ್ಲುತ್ತದೆ. ಲಕ್ಷ್ಮೇಶ್ವರದ ಕಡೆ ಡಿವೈಡರ್ ಇಲ್ಲದ ರಸ್ತೆಯಲ್ಲಿ ಎದುರಿಗೆ ಬೈಕಲ್ಲಿ ಬರುವವನು ಕುರುಡನಾಗುತ್ತಾನೆ, ಅವನ ಹಿಂದೆ ಮನೆಮಂದಿ ಕೂತಿರುತ್ತಾರೆ ಅಲ್ವಾ.

ಎರಡೂ ಬಲ್ಬ್ ಒಟ್ಟಿಗೇ ಬದಲಿಸಿ. ಹೊಸ ಬಲ್ಬಿನ ಗಾಜು ಮುಟ್ಟಬೇಡಿ, ಬೆರಳಿನ ಜಿಡ್ಡಿರುವ ಜಾಗ ಕಾದು ಬಲ್ಬ್ ಬೇಗ ಹೋಗುತ್ತದೆ. ಹಿಂದಿನ ರಬ್ಬರ್ ಮುಚ್ಚಳ ಸರಿಯಾಗಿ ಕೂರಿಸಿ, ಇಲ್ಲದಿದ್ದರೆ ಧೂಳು ಒಳಗೆ ಸೇರುತ್ತದೆ.

ಕೆಲಸಕ್ಕೆ ಕೈ ಹಾಕುವ ಮೊದಲೇ ಗೋಡೆಯಿಂದ 25 ಅಡಿ ದೂರ ಕಾರು ನಿಲ್ಲಿಸಿ, ಲೋ ಬೀಮ್ ಎಲ್ಲಿಗೆ ಕಟ್ ಆಗುತ್ತದೋ ಅಲ್ಲಿ ಚಾಕ್‌ಪೀಸಿನಿಂದ ಗೆರೆ ಎಳೆದಿಟ್ಟಿರಿ. ಆಮೇಲೆ ಅದೇ ಜಾಗದಲ್ಲಿ ನಿಲ್ಲಿಸಿ ನೋಡಿ. ಬೆಳಕು ಗೆರೆಗಿಂತ ಮೇಲೆ ಹೋಗಿದ್ದರೆ ಬಲ್ಬ್ ಸರಿಯಾಗಿ ಕೂತಿಲ್ಲ, ತೆಗೆದು ಮತ್ತೆ ಕೂರಿಸಿ. ಹಿಂದೆ ಮಂದಿ, ಲಗೇಜ್ ತುಂಬಿದಾಗ ಕಾರಿನ ಮೂತಿ ಮೇಲೇಳುತ್ತದೆ, ಬೆಳಕೂ ಮೇಲೆ ಹೋಗುತ್ತದೆ, ಆಗ ಸ್ಟೀರಿಂಗ್ ಪಕ್ಕದಲ್ಲಿ 0, 1, 2, 3 ಅಂತ ಬರೆದ ಚಿಕ್ಕ ತಿರುಗಣಿ ಇದ್ದರೆ ಅದನ್ನು 1 ಅಥವಾ 2ಕ್ಕೆ ತಿರುಗಿಸಿ ಬೆಳಕು ಕೆಳಗಿಳಿಸಿಕೊಳ್ಳಿ.