ಪುಕ್ಕಟೆ ಪೈಲಟ್ ನಿಲ್ಲಿಸಿದ ಮೇಲೆ

ಹೆಸರೇ ಕೇಳದ ಸ್ಟಾರ್ಟಪ್ಪಿನ ಪೈಲಟ್‌ಗೆ, ಅಂದರೆ ಒಪ್ಪಂದಕ್ಕೆ ಮುಂಚಿನ ಪ್ರಯೋಗಕ್ಕೆ, ಯಾರು ದುಡ್ಡು ಕೊಡುತ್ತಾರೆ ಎಂದವರೇ ಹೆಚ್ಚು. ಕೊಡುತ್ತಾರೆ. ನಾವು ಪುಕ್ಕಟೆ ನಡೆಸಿದ 11 ಪೈಲಟ್‌ಗಳಲ್ಲಿ ಒಪ್ಪಂದವಾದದ್ದು 2. ದುಡ್ಡು ಪಡೆದು ನಡೆಸಿದ 9ರಲ್ಲಿ ಆರೋ ಏಳೋ.

ಪುಕ್ಕಟೆಯವು ಸೋತದ್ದು ಪ್ರಾಡಕ್ಟ್‌ನಿಂದಲ್ಲ. ಬಿಟ್ಟಿ ಬಂದದ್ದಕ್ಕೆ ಗ್ರಾಹಕರ ಕಡೆ ವಾರಸುದಾರರಿರುವುದಿಲ್ಲ. ಡೇಟಾ ಕೊಡುವವರಿಲ್ಲ, ಬಜೆಟ್ ಇಲ್ಲ. ಸೆಕ್ಯುರಿಟಿ ಪ್ರಶ್ನಾವಳಿ, ವೆಂಡರ್ ನೋಂದಣಿ ಶುರುವಾಗುವುದೇ ಪೈಲಟ್ ಮುಗಿದ ಮೇಲೆ. ಅಷ್ಟರಲ್ಲಿ ಉತ್ಸಾಹ ಆರಿರುತ್ತದೆ. ಇನ್‌ವಾಯ್ಸ್ ಕಳಿಸಿದರೆ ಅದು ಪಾಸಾಗಲು ಈ ಗೇಟುಗಳನ್ನೆಲ್ಲ ಮೊದಲೇ ದಾಟಬೇಕಾಗುತ್ತದೆ.

ಮೊತ್ತ ಎಷ್ಟಿದ್ದರೇನು ಎಂದು ಮೊದಲು ವರ್ಷದ ಬೆಲೆಯ ಶೇ 10 ಇಟ್ಟು ಕೆಟ್ಟೆವು. ಅಷ್ಟು ಸಣ್ಣದಕ್ಕೆ ಮ್ಯಾನೇಜರೇ ಸಹಿ ಹಾಕಿ ಮುಗಿಸುತ್ತಾರೆ, ಫೈನಾನ್ಸ್‌ಗೆ ಸುದ್ದಿಯೇ ಮುಟ್ಟುವುದಿಲ್ಲ, ವರ್ಷದ ಬಿಲ್ ಹೋದಾಗ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಈಗ 6 ವಾರಕ್ಕೆ ಸುಮಾರು ಕಾಲು ಭಾಗ ಮುಂಗಡ. ಮುಂದುವರಿದರೆ ಒಪ್ಪಂದದ ಮೊತ್ತದಲ್ಲಿ ವಜಾ. ಒಂದೇ ಪುಟದ ಕಾಗದ: ಅಳೆಯುವ ಒಂದು ಸಂಖ್ಯೆ, ಅದರ ಇವತ್ತಿನ ಮಟ್ಟ, ಡೇಟಾ ಕೊಡುವವರ ಹೆಸರು, 5ನೇ ವಾರದ ತೀರ್ಮಾನದ ಮೀಟಿಂಗ್. ಆ ಮೀಟಿಂಗ್‌ನ ಆಹ್ವಾನ ಸಹಿಗೆ ಮುಂಚೆಯೇ ಹೋಗಬೇಕು, ದುಡ್ಡು ಮಂಜೂರು ಮಾಡುವವರಿಗೂ.

ಆನ್‌ಬೋರ್ಡಿಂಗ್‌ನ, ಅಂದರೆ ಹೊಸ ಗ್ರಾಹಕರನ್ನು ಪ್ರಾಡಕ್ಟ್‌ಗೆ ಹೊಂದಿಸುವ ಕೆಲಸದ, ಗಂಟೆಗಳನ್ನು ನುಂಗುವುದು ಗ್ರಾಹಕರ ಡೇಟಾ ಕೋಷ್ಟಕವಾಗಿ ಬರುವ ಸಿಎಸ್‌ವಿ ಫೈಲು. ಎಕ್ಸೆಲ್‌ನಲ್ಲಿ ಯಾರೋ ಒಮ್ಮೆ ತೆರೆದು ಸೇವ್ ಮಾಡಿದರೆ ಸಾಕು, ಐಡಿಯ ಆರಂಭದ ಸೊನ್ನೆಗಳು ಹಾರಿಹೋಗುತ್ತವೆ, 15 ಅಂಕಿ ದಾಟಿದ ಸಂಖ್ಯೆಯ ಬಾಲವೆಲ್ಲ ಸೊನ್ನೆ, 03/04 ಮಾರ್ಚೋ ಏಪ್ರಿಲೋ ತಿಳಿಯದು. ಹಾಗಾಗಿ ಸಹಿಗೆ ಮೊದಲು 50 ಸಾಲಿನ ಸ್ಯಾಂಪಲ್, ಸಿಸ್ಟಂನಿಂದ ತೆಗೆದದ್ದನ್ನು ತೆರೆಯದೆ ಹಾಗೇ ಕಳಿಸಬೇಕು. ಗ್ರಾಹಕರೊಬ್ಬರಿಗೆ 40 ಗಂಟೆ ಹಿಡಿಯುತ್ತಿದ್ದದ್ದು 14ರ ಆಸುಪಾಸಿಗೆ ಇಳಿಯಿತು.

ಮಾರಿದವರೇ ಮೊದಲ 30 ದಿನ ಗ್ರಾಹಕರ ದೂರು, ಪ್ರಶ್ನೆಗಳ ಟಿಕೆಟ್ ನೋಡುತ್ತಾರೆ. ಬಾಯಿಗೆ ಬಂದ ಭರವಸೆ ಕೊಡುವ ಚಾಳಿಗೆ ಇದಕ್ಕಿಂತ ಮದ್ದಿಲ್ಲ. ಟ್ಯಾಗ್‌ಗಳು ಮೂವತ್ತು ಚಿಲ್ಲರೆ ಇದ್ದಾಗ ಅರ್ಧ ಟಿಕೆಟ್ 'ಇತರೆ'ಗೆ ಬೀಳುತ್ತಿತ್ತು. ಈಗ ನಾಲ್ಕೇ: ಕೆಟ್ಟಿದೆ, ಗೊತ್ತಾಗುತ್ತಿಲ್ಲ, ಹೊಸದು ಬೇಕು, ಬಿಲ್. ಒಂದೇ ಪರದೆಯ ಬಗ್ಗೆ ವಾರಕ್ಕೆ 3 'ಗೊತ್ತಾಗುತ್ತಿಲ್ಲ' ಬಂದರೆ ಸಹಾಯ ಪುಟ ಬರೆಯುತ್ತ ಕೂರುವುದಿಲ್ಲ, ಪರದೆಯ ಮೇಲಿನ ಮಾತನ್ನೇ ಬದಲಿಸುತ್ತೇವೆ.

ನಡುವೆ ಪರಿಚಯವಿಲ್ಲದವರಿಗೆ ಬರೆಯುವ ಕೋಲ್ಡ್ ಇಮೇಲ್‌ಗೂ ಕೈಹಾಕಿದೆವು. ಬೇರೆ ಡೊಮೇನ್, ಎಸ್‌ಪಿಎಫ್, ಡಿಕೆಐಎಂ, ಡಿಮಾರ್ಕ್ ಎಂಬ, ಕಳಿಸಿದವರು ಅಸಲಿ ಎಂದು ತೋರಿಸುವ ಸೆಟ್ಟಿಂಗ್‌ಗಳೆಲ್ಲ ಸರಿ, ಎರಡು ಮೇಲ್‌ಬಾಕ್ಸ್, ಒಂದೊಂದರಿಂದ ದಿನಕ್ಕೆ 30. ಎರಡು ತಿಂಗಳಲ್ಲಿ ಎರಡು ಸಾವಿರದ ಮೇಲೆ ಹೋಯಿತು, ಸಿಕ್ಕಿದ್ದು 3 ಡೆಮೊ. ಆದರೆ ಮೂವರೂ ಆ ಹುದ್ದೆಗೆ ಹೊಸಬರು, ಹಳೆಯ ಟೂಲಿನ ಮೇಲೆ ಮೋಹ ಇಲ್ಲದವರು. ಆಮೇಲಿಂದ ಹುದ್ದೆಗೆ ಸೇರಿ 90 ದಿನ ದಾಟದವರಿಗೆ ಮಾತ್ರ ಬರೆಯುತ್ತೇವೆ, ಟೆಂಪ್ಲೇಟ್ ಇಲ್ಲದೆ, ವಾರಕ್ಕೆ 20 ಮೀರದಂತೆ.